ಸಂದಿಲ್ಲದ ಸಿನಿಮಾ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಪುಟ್ಟನಿಗೆ,

ಹೇಗಿದ್ದೀಯ? ಎಡಗಡೆಯ ಆ ದವಡೆ ಹಲ್ಲನ್ನು ಕೀಳಿಸಿದೆಯೋ ಇಲ್ಲವೋ? ಹೋದ ಸಲ ಫೋನಿನಲ್ಲಿ ಬಾಯಿ ತುಂಬ ಹತ್ತಿ ತುರುಕಿಕೊಂಡವನ ಹಾಗೆ ಮಾತಾಡುತ್ತಿದ್ದೆ. ಹಲ್ಲಿನ ಡಾಕ್ಟರನ್ನು ಕಂಡರೆ ಇಷ್ಟು ಹೆದರುವವನು ಊರುಬಿಟ್ಟು ಒಬ್ಬನೇ ಹೇಗೆ ಬದುಕುತ್ತೀಯೋ ಎಂದು ಅಮ್ಮ ದಿನಕ್ಕೊಂದು ಸಲ ಕೇಳುತ್ತಾಳೆ. ಅವಳ ಮಂಡಿನೋವು ಇದ್ದ ಹಾಗೇ ಇದೆ. ಕಣ್ಣಿಗೆ ಮಾತ್ರ ನಾನೇ ಹೊಸ ಗಾಜು ಉಜ್ಜಿ ಕೂರಿಸಿಕೊಟ್ಟಿದ್ದೇನೆ, ಈಗ ನನ್ನ ಮುಖದ ಸುಕ್ಕುಗಳನ್ನೆಲ್ಲ ಒಂದೊಂದಾಗಿ ಲೆಕ್ಕ ಹೇಳುತ್ತಾಳೆ. ನಿನ್ನ ಭಾವ ಚೆನ್ನಾಗಿದ್ದಾರೆ, ಅಂದರೆ ಮಾತಾಡುತ್ತಿದ್ದಾರೆ. ಹೊಲಿಗೆ ಯಂತ್ರ ನಿಂತರೂ ಅವರ ಬಾಯಿ ನಿಲ್ಲುವುದಿಲ್ಲ ಎನ್ನುವುದು ನಿನಗೆ ಗೊತ್ತಿದ್ದದ್ದೇ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಒಂದು ತಮಾಷೆ ತೂರಿಸಿ ನುಣುಚಿಕೊಳ್ಳುತ್ತೀ. ಪತ್ರದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಮ್ಮ ಭಾನುವಾರದ ಆಟ ‘ಮುಂದಿನ ಸಾಲು’ ಮುಚ್ಚುವ ಹಂತಕ್ಕೆ ಬಂದಿದೆ. ಟಾಕೀಸಿನ ಯಜಮಾನರು ಜಾಗವನ್ನು ಮಂಚ, ಬೀರು ಮಾರುವವರ ಗೋದಾಮಿಗೆ ಬಿಟ್ಟುಕೊಡುವ ಯೋಚನೆಯಲ್ಲಿದ್ದಾರೆ. ಮೊನ್ನೆ ಇಬ್ಬರು ಬಂದು ಅಳತೆಪಟ್ಟಿ ಹಿಡಿದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋದರು. ನಾನು ಮೈಕಿನ ತಂತಿ ಸುತ್ತುತ್ತಾ ಅಲ್ಲೇ ನಿಂತಿದ್ದೆ. ‘ಸ್ವಲ್ಪ ಪಕ್ಕಕ್ಕೆ ಸರೀರಿ ಅಮ್ಮಾ’ ಎಂದರು. ಎಂಟು ವರ್ಷ ಜನರನ್ನು ನಗಿಸಿದ ಜಾಗದಲ್ಲಿ ನನಗೆ ಸಿಕ್ಕ ಮರ್ಯಾದೆ ಅದು. ಮೈಯೆಲ್ಲ ಉರಿದುಹೋಯಿತು, ಆದರೂ ಸರಿದೆ.

ಹೇಗೆ ಶುರುವಾಯಿತು ನೆನಪಿದೆಯಾ? ನಾವು ನಾಲ್ವರು, ನೀನು, ನಾನು, ನಿನ್ನ ಭಾವ, ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು, ಭಾನುವಾರದ ಮ್ಯಾಟಿನಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಸಿನಿಮಾದ ಕಾಲೆಳೆಯುತ್ತಿದ್ದೆವು. ಒಂದು ದಿನ ಯಜಮಾನರು ಟಾರ್ಚು ಹಿಡಿದು ಬಂದು ನಮ್ಮನ್ನು ಎಬ್ಬಿಸಿ ಹೊರಗೆ ಕಳಿಸಿದರು. ಹತ್ತು ನಿಮಿಷ ಕಳೆಯುವುದರೊಳಗೆ ಸುತ್ತಮುತ್ತ ಕೂತಿದ್ದವರೂ ಎದ್ದು ಬಂದರು, ಇನ್ನು ಒಳಗೆ ನೋಡುವುದಕ್ಕೆ ಏನಿದೆ ಎಂದು. ಯಜಮಾನರು ಬುದ್ಧಿವಂತರು. ಮುಂದಿನ ವಾರವೇ ಮೊದಲ ಸಾಲಿನಲ್ಲಿ ಮೂರು ಕುರ್ಚಿ, ಮೂರು ಮೈಕು ಇಟ್ಟು, ತೀರಾ ಓಡದ ಹಳೆಯ ಸಿನಿಮಾವೊಂದನ್ನು ಹಾಕಿ, ‘ಈಗ ಆಡ್ಕೊಳ್ರಿ’ ಎಂದರು. ಮೊದಲ ಭಾನುವಾರ ಬಂದವರು ಹದಿನಾಲ್ಕು ಜನ. ಅದರಲ್ಲಿ ಒಬ್ಬರು ಅಮ್ಮ, ಒಬ್ಬರು ಮೇಷ್ಟ್ರ ಹೆಂಡತಿ. ಆರು ತಿಂಗಳಲ್ಲಿ ನಿಲ್ಲುವುದಕ್ಕೂ ಜಾಗವಿರಲಿಲ್ಲ. ಬೆಟ್ಟದಿಂದ ಬಿದ್ದ ನಾಯಕ ಎದ್ದು ಬಂದಾಗ ನಿನ್ನ ಭಾವ, ‘ಈ ಶರ್ಟಿಗೆ ಇಸ್ತ್ರಿ ಹಾಕಿದವನು ಯಾರು ಹೇಳಿ, ನಾಳೆಯಿಂದ ನಮ್ಮ ಅಂಗಡೀಲಿ ಕೆಲಸ’ ಎಂದರೆ ಜನ ಕುರ್ಚಿಯ ಕೈ ಬಡಿದು ನಗುತ್ತಿದ್ದರು. ತೆರೆಯ ಮೇಲಿನ ಡಾಕ್ಟರು ಕನ್ನಡಕ ತೆಗೆದು ಇನ್ನು ಇಪ್ಪತ್ತನಾಲ್ಕು ಗಂಟೆ ಏನೂ ಹೇಳಲಾಗದು ಎಂದಾಗ ನಾನು, ‘ಆ ಕನ್ನಡಕದಲ್ಲಿ ಗಾಜೇ ಇಲ್ಲ, ಮಲಗಿರೋದು ಯಾರು ಅಂತಾದ್ರೂ ನೋಡಿದ್ರಾ ಡಾಕ್ಟ್ರೇ’ ಎಂದಿದ್ದೆ. ಅದಾದ ಮೇಲೆ ಒಂದು ತಿಂಗಳು ಅಂಗಡಿಗೆ ಬಂದವರೆಲ್ಲ ನನ್ನ ಧ್ವನಿ ಕೇಳಿದ ಕೂಡಲೇ ನಗಲು ಶುರುಮಾಡುತ್ತಿದ್ದರು. ಅಂಥವರ ಕಣ್ಣು ಪರೀಕ್ಷೆ ಮಾಡುವುದು ಎಷ್ಟು ಕಷ್ಟ ಎಂದು ನಿನಗೇನು ಗೊತ್ತು.

ಆದರೆ ನಮ್ಮನ್ನು ನಿಜವಾಗಿ ನಿಲ್ಲಿಸಿದ್ದು ನೀನು ಹಾಕಿಕೊಟ್ಟ ಕಟ್ಟಳೆ, ಅದನ್ನು ನಾನು ಸಿಟ್ಟಿನಲ್ಲೂ ಒಪ್ಪುತ್ತೇನೆ. ಯಾವ ಸಿನಿಮಾವನ್ನಾದರೂ ಮೊದಲು ಮೂರು ಸಲ ನೋಡಬೇಕು. ಮೊದಲನೆಯ ಸಲ ಟಿಕೆಟ್ ಕೊಂಡವರ ಹಾಗೆ, ತುಟಿ ಬಿಚ್ಚದೆ. ಎರಡನೆಯ ಸಲ ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ಸಂದುಗಳನ್ನು ಬರೆದುಕೊಳ್ಳಬೇಕು: ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ಸೆಕೆಂಡು ಬಿಡುವಿದೆ ಎಂದು. ಮೂರನೆಯ ಸಲ ಆ ಸಂದುಗಳಲ್ಲಿ ನಮ್ಮ ಮಾತು ಇಟ್ಟು ನೋಡಬೇಕು. ಎರಡೂವರೆ ಸೆಕೆಂಡಿನ ಸಂದಿಗೆ ಮೂರು ಸೆಕೆಂಡಿನ ತಮಾಷೆ ಎಷ್ಟೇ ಚೆನ್ನಾಗಿದ್ದರೂ ಕಸದ ಬುಟ್ಟಿಗೆ. ‘ಅವರ ಮಾತು ಪೂರ್ತಿ ಮುಗೀಲಿ ಅಕ್ಕಾ, ಆಮೇಲೆ ನಮ್ದು. ಪಾಪ, ಅವ್ರೂ ಕಷ್ಟಪಟ್ಟು ತೆಗೆದಿರ್ತಾರೆ’ ಎನ್ನುತ್ತಿದ್ದೆ. ಮೇಷ್ಟ್ರು ನಮ್ಮ ಹಿಂದೆ ಕೂತು ಸಂದು ಬರುವ ಮೊದಲು ಬೆನ್ನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಐದು ವರ್ಷ ಆ ಬೆರಳು ಒಂದು ದಿನವೂ ತಪ್ಪಲಿಲ್ಲ.

ನೀನು ಹೋದೆ. ಸಿನಿಮಾದವರಿಗೆ ಮಾತು ಬರೆಯುತ್ತೇನೆ ಎಂದು ಒಂದು ಪೆಟ್ಟಿಗೆ ಹಿಡಿದು ಹೋದೆ. ನಡುವಿನ ಕುರ್ಚಿಗೆ ನಿನ್ನ ಭಾವ ಬಂದರು, ಅಲ್ಲಿಗೆ ಕಟ್ಟಳೆ ಗಾಳಿಗೆ ಹೋಯಿತು. ಅವರಿಗೆ ಸಂದೂ ಒಂದೇ, ಗೋಡೆಯೂ ಒಂದೇ. ನಾಯಕಿ ಅಳುವುದನ್ನು ಮುಗಿಸುವ ಮೊದಲೇ ಇವರದು ಶುರು. ಗಂಡನನ್ನು ಎಲ್ಲರೆದುರು ಎಷ್ಟು ಸಲ ಚಿವುಟಲಿ? ಆಮೇಲೆ ಜನರೂ ಕಲಿತರು. ಹಳೆಯ ತಮಾಷೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ನಾವು ಹೇಳುವ ಮೊದಲೇ ಹಿಂದಿನಿಂದ ಕೂಗುತ್ತಿದ್ದರು. ನಮ್ಮ ಮೈಕಿಗಿಂತ ಅವರ ಗಂಟಲೇ ದೊಡ್ಡದು. ಅದೂ ಸಾಲದು ಎಂದು ನಿರ್ಮಾಪಕರೊಬ್ಬರು ನಮಗೋಸ್ಕರವೇ ಬೇಕೆಂದೇ ಕೆಟ್ಟದಾಗಿ ಒಂದು ಸಿನಿಮಾ ತೆಗೆದುಕೊಂಡು ಬಂದರು. ನಾಯಕನ ಮೀಸೆ ಒಂದೊಂದು ದೃಶ್ಯದಲ್ಲಿ ಒಂದೊಂದು ಕಡೆ ಅಂಟಿಸಿದ್ದರು, ನಾವು ನಗಲಿ ಎಂದು. ಕಷ್ಟಪಟ್ಟು ತೆಗೆದದ್ದು ಕೆಟ್ಟರೆ ಅದರಲ್ಲಿ ನಗುವಿದೆ. ಇದು ತನಗೆ ತಾನೇ ಕಚಗುಳಿ ಇಟ್ಟುಕೊಂಡ ಹಾಗೆ. ಒಬ್ಬರೂ ನಗಲಿಲ್ಲ. ಈಗಂತೂ ಪ್ರತಿಯೊಬ್ಬರೂ ಫೋನಿನಲ್ಲಿ ತಾವೇ ಅಣಕಿಸಿ ಎಲ್ಲರಿಗೂ ಕಳಿಸುತ್ತಾರೆ, ನಮ್ಮನ್ನು ಕೇಳುವವರು ಯಾರು? ಮೇಷ್ಟ್ರು ಸ್ಟಾಪ್‌ವಾಚನ್ನು ತಂದು ನನ್ನ ಕೈಯಲ್ಲಿಟ್ಟು, ‘ತಟ್ಟೋದಕ್ಕೆ ಏನೂ ಉಳಿದಿಲ್ಲ ತಾಯಿ’ ಎಂದು ಹೇಳಿ ಹೋದರು. ಹೋದ ಭಾನುವಾರ ಹನ್ನೊಂದು ಜನ. ಇಬ್ಬರು ಫ್ಯಾನಿನ ಕೆಳಗೆ ನಿದ್ದೆ ಮಾಡಲು ಬಂದವರು.

ಇಂಥ ಹೊತ್ತಿನಲ್ಲಿ ನಿನ್ನ ಸಿನಿಮಾ ಬಂತು. ಮಾರ್ಕೆಟ್ಟಿನ ಗೋಡೆಯ ಪೋಸ್ಟರಿನಲ್ಲಿ ಕೆಳಗಡೆ, ಇರುವೆಯಷ್ಟು ಅಕ್ಷರದಲ್ಲಿ ‘ಸಂಭಾಷಣೆ’ ಎಂದು ನಿನ್ನ ಹೆಸರಿತ್ತು. ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಹೋಗಿ ಅದನ್ನು ಮುಟ್ಟಿ ಬಂದಳು. ಸಿನಿಮಾ ನಾಲ್ಕೇ ದಿನ ಓಡಿತು, ಅದು ನಿನಗೆ ಗೊತ್ತು. ಐದನೆಯ ದಿನ ಟಾಕೀಸಿನ ಯಜಮಾನರು ನನ್ನ ಅಂಗಡಿಗೇ ಬಂದರು. ‘ಅಕ್ಕನೇ ತಮ್ಮನ ಸಿನಿಮಾ ಆಡ್ಕೋತಾಳೆ ಅಂತ ಬೋರ್ಡು ಹಾಕಿದ್ರೆ ಊರಿಗೆ ಊರೇ ಬರುತ್ತೆ. ಒಂದು ಭಾನುವಾರ ತುಂಬಿಸಿಕೊಡಿ, ಗೋದಾಮಿನವರಿಗೆ ಇನ್ನೊಂದು ವರ್ಷ ಆಗಲ್ಲ ಅಂತ ಹೇಳ್ತೀನಿ’ ಎಂದರು. ನೋಡಿ ಹೇಳುತ್ತೇನೆ ಎಂದೆ. ಖಾಲಿ ಟಾಕೀಸಿನಲ್ಲಿ ಹಾಕಿಸಿಕೊಂಡು, ನಿನ್ನ ಭಾವನ ಜೊತೆ ಕೂತು, ಕಟ್ಟಳೆಯಂತೆ ಮೂರು ಸಲ ನೋಡಿದೆ.

ಪುಟ್ಟಾ, ಏನದು ನೀನು ಬರೆದದ್ದು? ಮೊದಲ ಸಲ ತಲೆ ಚಿಟ್ಟು ಹಿಡಿಯಿತು. ಎರಡನೆಯ ಸಲ ಸ್ಟಾಪ್‌ವಾಚ್ ಹಿಡಿದು ಕೂತೆ. ಎರಡು ಗಂಟೆ ಹದಿನೇಳು ನಿಮಿಷದಲ್ಲಿ ಒಂದೇ ಒಂದು ಸಂದಿಲ್ಲ. ನಾಯಕಿ ಮೆಟ್ಟಿಲು ಇಳಿಯುವಾಗ ಇಳಿಯುತ್ತಿದ್ದೇನೆ ಎನ್ನುತ್ತಾಳೆ. ಕೋಣೆಯಲ್ಲಿ ಒಬ್ಬನೇ ಇರುವ ಮುದುಕ ದೀಪದ ಜೊತೆ ಹರಟುತ್ತಾನೆ. ಹೆಣದ ಮುಂದೆ ಕೂತವರೂ ಉಸಿರು ಬಿಡದೆ ಮಾತಾಡುತ್ತಾರೆ. ‘ನಮ್ಮಂಥ ಬಾಯಿಬಡುಕರಿಗೂ ಜಾಗ ಬಿಟ್ಟಿಲ್ವಲ್ಲೇ ಇವನು’ ಎಂದರು ನಿನ್ನ ಭಾವ. ಅವರು ತಮಾಷೆಗೆ ಹೇಳಿದ್ದು, ನನಗೆ ಆಗ ಹೊಳೆಯಿತು. ನೀನು ಇದನ್ನು ನೋಡುವವರಿಗೆ ಬರೆದಿಲ್ಲ. ನಮಗೆ ಹೆದರಿ ಬರೆದಿದ್ದೀ. ಮುಂದಿನ ಸಾಲಿನಲ್ಲಿ ಅಕ್ಕ ಕೂತಿರುತ್ತಾಳೆ, ಎಲ್ಲಿ ಮೌನ ಬಿಟ್ಟರೂ ಅಲ್ಲಿ ಬಾಯಿ ಹಾಕುತ್ತಾಳೆ ಎಂದು ಸಿಕ್ಕ ಸಿಕ್ಕ ತೂತಿಗೆಲ್ಲ ಮಾತು ತುರುಕಿದ್ದೀ. ಅಷ್ಟು ಚೆನ್ನಾಗಿ ಬರೆಯುವ ಹುಡುಗ, ಹೆದರಿಕೊಂಡು ಬರೆದರೆ ಹೀಗಾಗದೆ ಇನ್ನೇನಾಗುತ್ತದೆ? ನನಗೆ ಬಂದ ಸಿಟ್ಟಿಗೆ ಸ್ಟಾಪ್‌ವಾಚನ್ನು ನೆಲಕ್ಕೆ ಎಸೆಯಬೇಕು ಅನ್ನಿಸಿತು.

ನೀನು ಆ ನೋಟ್‌ಬುಕ್ಕಿನ ವಿಷಯ ಎತ್ತುತ್ತೀ ಎಂದು ಗೊತ್ತು. ಎತ್ತುವುದಿಲ್ಲ, ಬಾಯಿಬಿಟ್ಟು ಎಂದೂ ಎತ್ತಿಲ್ಲ, ಅದೇ ನನಗೆ ಹೆಚ್ಚು ಉರಿಯುವುದು. ನಾನೇ ಎತ್ತುತ್ತೇನೆ. ಆಸ್ಪತ್ರೆಯ ಓಣಿಯಲ್ಲಿ ಅಣ್ಣ ತಂಗಿ ಇಬ್ಬರು ಬೆಂಚಿನ ಮೇಲೆ ಕಾಯುತ್ತಾ ಕೂತಿರುವ ಕಥೆ, ನೀನೇ ಅದರಲ್ಲಿ ಬರೆದದ್ದು, ಓದಿ ಹೇಳು ಅಕ್ಕಾ ಎಂದು ನನ್ನ ಕೈಗೆ ಕೊಟ್ಟೆ. ಮೂರು ಪುಟದಲ್ಲಿ ಅವರು ಆಡುವುದು ನಾಲ್ಕೇ ಮಾತು. ನಾನು ಅದನ್ನು ತಾಲೀಮಿನ ದಿನ ಎಲ್ಲರೆದುರು ಗಟ್ಟಿಯಾಗಿ ಓದಿದೆ, ಅವರು ಸುಮ್ಮನಿದ್ದ ಕಡೆಯೆಲ್ಲ ಒಂದೊಂದು ತಮಾಷೆ ಸೇರಿಸುತ್ತಾ. ನಿನ್ನ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ನಕ್ಕರು. ನೀನೂ ನಕ್ಕೆ, ಎಲ್ಲರಿಗಿಂತ ಜೋರಾಗಿ ನಕ್ಕೆ. ಒಂಬತ್ತನೆಯ ದಿನಕ್ಕೆ ಪೆಟ್ಟಿಗೆ ಕಟ್ಟಿದೆ. ನಗಬೇಡ ಅಕ್ಕಾ ಎಂದು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಎಲ್ಲರನ್ನೂ ಆಡಿಕೊಳ್ಳುವುದೇ ನಮ್ಮ ಕಸುಬಾಗಿತ್ತು. ಮನೆಯವರೆಂದು ಬಿಡಬೇಕಿತ್ತೆಂದು ನನಗೆ ಹೇಗೆ ತಿಳಿಯಬೇಕು?

ಇರಲಿ. ಭಾನುವಾರ ಮೂರು ಗಂಟೆಗೆ ಆಟ. ಸಂದಿಲ್ಲದಿದ್ದರೆ ಬೇಡ, ನಾನೂ ನಿನ್ನ ಭಾವನ ಹಾಗೆ ಮಾತಿನ ಮೇಲೆ ಮಾತು ಹಾಕುತ್ತೇನೆ. ಈಗಿನವರಿಗೆ ಅಷ್ಟೇ ಸಾಕು. ಆ ದೀಪದ ಮುದುಕನೊಬ್ಬನೇ ಅರ್ಧ ಗಂಟೆ ನಗಿಸುತ್ತಾನೆ. ಸಂಜೆ ಹೋಗಿ ಯಜಮಾನರಿಗೆ ಒಪ್ಪಿಗೆ ಹೇಳಿಬಿಡುತ್ತೇನೆ. ನಿನ್ನ ಅನುಮತಿ ಕೇಳುತ್ತಿಲ್ಲ, ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆದೆ. ಮುಖ ಊದಿಸಿಕೊಂಡು ಕೂರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಲ್ಲನ್ನು ಮೊದಲು ಕೀಳಿಸು. ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದುಕೋ, ನಿನ್ನ ಭಾವ ಕೇಳಿದ್ದಾರೆ ಎಂದು ಬರೆಯಲು ಹೇಳಿದರು, ಇನ್ನೂ ತುಂಬ ಹೇಳಿದರು, ಅದಕ್ಕೆ ಕಾಗದ ಸಾಲದು. ನನ್ನ ಸಿಟ್ಟು ಸಿಟ್ಟಿನ ಜಾಗದಲ್ಲಿರಲಿ, ನೀನು ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಅಂಚೆಯವರು ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಟಾಕೀಸಿಗೆ ಹೋಗಿದ್ದೆ. ಯಜಮಾನರು ಬೋರ್ಡನ್ನು ಆಗಲೇ ಬರೆಸಿ ಒಣಗಲು ಇಟ್ಟಿದ್ದರು, ನಿನ್ನ ಹೆಸರು ಈ ಸಲ ದೊಡ್ಡದಾಗಿಯೇ ಇತ್ತು. ಆಗುವುದಿಲ್ಲ ಎಂದು ಹೇಳಿ ಬಂದೆ. ಗೋದಾಮಿನವರು ಒಂದನೇ ತಾರೀಕಿಗೆ ಬರುತ್ತಾರೆ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ನಿನಗಾಗಿ ತ್ಯಾಗ ಮಾಡಿದೆ ಎಂದು ಉಬ್ಬಬೇಡ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಆ ನೋಟ್‌ಬುಕ್ಕನ್ನು ನಾನು ಎಲ್ಲರೆದುರು ಓದುವ ಮೊದಲು ಒಬ್ಬಳೇ ಮೂರು ಸಲ ಓದಿದ್ದೆ. ಅದರಲ್ಲಿ ನಗುವಂಥದ್ದು ಒಂದು ಅಕ್ಷರವೂ ಇರಲಿಲ್ಲ. ಅಣ್ಣ ತಂಗಿ ಸುಮ್ಮನೆ ಕೂತಿದ್ದ ಆ ಎರಡನೆಯ ಪುಟದಲ್ಲೇ, ಇವನು ಇನ್ನು ನಮ್ಮ ಜೊತೆ ಇರುವವನಲ್ಲ, ಹೋಗುತ್ತಾನೆ ಎಂದು ನನಗೆ ಗೊತ್ತಾಯಿತು. ನೀನು ಹೋಗದಿರಲಿ ಎಂದು ಎಲ್ಲರನ್ನೂ ನಗಿಸಿದೆ.