ನಾನೇ ಮಾಡಿದ ಕಪಾಟು

ಮಾರ್ಚ್ ೧೪, ಗುರುವಾರ

ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಇವತ್ತು ಇಷ್ಟೆಲ್ಲ ಆಗುತ್ತಿರಲಿಲ್ಲ.

ಬಾಡಿಗೆ ಕಚೇರಿಯ ಗುಮಾಸ್ತರು ಮನೆ ನೋಡಲು ಬಂದಿದ್ದರು. ಹೊಸ ಕಾನೂನಿನ ಪ್ರಕಾರ ಹಳೆಯ ಮನೆಗಳ ಬಾಡಿಗೆ ಏರಿಸುವಂತಿಲ್ಲ. ನಮ್ಮದು ಹಳೆಯ ಮನೆಯೇ. ಅಷ್ಟು ಬರೆದುಕೊಂಡು ಹೋಗಬೇಕಾದವರು ಅಡುಗೆಮನೆಯ ಕಪಾಟು ಸವರಿ, "ಒಳ್ಳೆ ಕೆಲಸ, ಯಾರು ಮಾಡಿದ್ದು?" ಎಂದರು. ಬಡಗಿಗೆ ಇಷ್ಟು ಸಾಕು, ಉಬ್ಬಿಹೋದೆ. ಕಪಾಟು, ಕಿಟಕಿಯ ಚೌಕಟ್ಟು, ಅಟ್ಟದ ಏಣಿ, ಹನ್ನೊಂದು ವರ್ಷದ ನನ್ನ ಭಾನುವಾರಗಳನ್ನೆಲ್ಲ ತೋರಿಸಿದೆ. ಅವರು ತಲೆಯಾಡಿಸುತ್ತಲೇ "ಸುಧಾರಿತ ಮನೆ" ಎಂದು ಬರೆದರು. ಸುಧಾರಿತ ಮನೆಗೆ ಮಾಲೀಕರು ಎಷ್ಟು ಬೇಕಾದರೂ ಬಾಡಿಗೆ ಕೇಳಬಹುದಂತೆ.

ಮಾಲೀಕರು ಕೆಟ್ಟವರಲ್ಲ. ಮೇಷ್ಟ್ರಾಗಿದ್ದವರು, ಈಗ ಬಾಡಿಗೆಯಲ್ಲೇ ಬದುಕುತ್ತಿರುವವರು. "ನಾನಾಗಿ ಕೇಳಿರ್ಲಿಲ್ಲಪ್ಪ. ಕಚೇರಿಯವ್ರೇ ಬರ್ಕೊಟ್ಟ ಮೇಲೆ ಏರಿಸೋದು ಬೇಡ ಅನ್ನೋಕಾಗುತ್ತಾ?" ಎಂದರು, ನನ್ನ ಮುಖ ನೋಡದೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಪೇಪರಿನಲ್ಲಿ ಈ ಕಾನೂನಿನ ಬಗ್ಗೆ ಆ ಕಡೆ ಈ ಕಡೆ ನಿಂತು ವಾದಿಸುವವರನ್ನು ಕಂಡರೆ ಈಗ ಸುಸ್ತಾಗುತ್ತದೆ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಪಕ್ಕದ ಮನೆಯವ್ರು ಒಡೆದ ಗಾಜಿಗೆ ರಟ್ಟು ಅಂಟಿಸ್ಕೊಂಡು ಕೂತಿದ್ರೆ ಸೋಮಾರಿಗಳು ಅಂತಿದ್ರಿ. ಅವರ ಬಾಡಿಗೆ ಏರಲ್ವಂತೆ," ಎಂದಳು, ಅಷ್ಟೇ.

ಬಚ್ಚಲ ಬಾಗಿಲು ನೆಲಕ್ಕೆ ತಗುಲುತ್ತಿದೆ. ಐದು ನಿಮಿಷದ ಕೆಲಸ. ಊಟವಾದ ಮೇಲೆ ಬಾಗಿಲಿನ ಅಡಿ ಹೆರೆಯಲು ಉಜ್ಜುಗೊರಡು ಹಿಡಿದು ಎದ್ದೆ.

"ಬಿಡಿ, ಸುಧಾರಿಸಿದ್ದು ಸಾಕು," ಎಂದಳು.

ಇಟ್ಟುಬಿಟ್ಟೆ. ಇಷ್ಟು ಬರೆಯುವಾಗಲೇ ಅವಳು ಬಚ್ಚಲಿಗೆ ಹೋದಳು, ಬಾಗಿಲು ನೆಲ ಕೆರೆಯಿತು. ಕೈ ಸುಮ್ಮನಿರುತ್ತಿಲ್ಲ. ಕೆಟ್ಟದ್ದನ್ನು ಕೆಟ್ಟಂತೆಯೇ ಬಿಡುವುದನ್ನೂ ಇನ್ನು ಕಲಿಯಬೇಕು, ಈ ವಯಸ್ಸಿನಲ್ಲಿ.