ಮೈನಸ್ ಇದ್ದರೂ ಮುಂದಕ್ಕೆ ಹೋದ ಅಲೆ

ದಿನಾ ಹಳಿಯಾಳದ ಬಸ್ಸಿಗೆ ಬಂದು ನಮಗೆ ಪಾಠ ಹೇಳುತ್ತಿದ್ದ ಫಿಸಿಕ್ಸ್ ಸರ್‌ಗೆ,

ನಾನು ಸರ್, ಪಿಯುಸಿಯಲ್ಲಿ ಎರಡನೇ ಬೆಂಚಿನ ಸುಜಾತಾ. ಈಗ ಅಂಬೇವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಮೊನ್ನೆಯಿಂದ ಕೆಲಸದಲ್ಲಿ ಮನಸ್ಸಿಲ್ಲ. ಗಿರಾಕಿಯೊಬ್ಬರ ಬ್ಲೌಸಿನ ತೋಳು ಎರಡು ಸಲ ತಪ್ಪು ಹೊಲಿದು ಬಿಚ್ಚಿದೆ. ನೀವು ಹೇಳಿದ್ದೇ ಸರಿ ಇತ್ತು ಸರ್. ಅಯ್ಯೋ ದೇವರೇ, ನೀವು ಹೇಳಿದ್ದೇ ಸರಿ ಇತ್ತು!

ನೆನಪಿದೆಯೇ, ಮನೆಯಿಂದ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಬಂದಿದ್ದಿರಿ? ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಝಾಡಿಸಿದಿರಿ. ಉಬ್ಬು ಓಡಿತು. ಬೋರ್ಡಿನ ಮೇಲೆ ಬರೆದ ಸೂತ್ರದ ಬ್ರಾಕೆಟ್ ತೋರಿಸಿ, "ಎಕ್ಸ್ ಮೈನಸ್ ವಿಟಿ ಅಂದ್ರ ಅಲೆ ಮುಂದಕ್ಕ ಹೊಂಟೈತಿ" ಅಂದಿರಿ. ಅಷ್ಟರಲ್ಲಿ ಉಬ್ಬು ಸರಳಿಗೆ ಬಡಿದು ತಿರುಗಿ ಬಂತು. "ಸರ್, ಹಿಂದ ಬಂತು ನೋಡ್ರಿ! ಮೈನಸ್, ಮೈನಸ್!" ಎಂದು ಇಡೀ ಕ್ಲಾಸು ಕೂಗಿತು. "ಅದು ತಿರುಗಿ ಬಂದ ಅಲೆರೋ, ಅದಕ್ಕ ಪ್ಲಸ್..." ಎನ್ನುತ್ತಿದ್ದಿರಿ. ಯಾರು ಕೇಳಿಸಿಕೊಂಡರು?

ಆಮೇಲೆ ಟೆಸ್ಟಿನಲ್ಲಿ ಮೈನಸ್ ಅಂದರೆ ಎಡಕ್ಕೆ ಎಂದು ಬರೆದವರಿಗೆಲ್ಲ ಸೊನ್ನೆ ಕೊಟ್ಟಿರಿ. ಗಣಿತದಲ್ಲಿ ಮೈನಸ್ ಎಡಕ್ಕೇ ಇರುತ್ತದಲ್ಲ, ಇವರಿಗೆ ಅಷ್ಟೂ ಗೊತ್ತಿಲ್ಲವೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. 'ಸರ್ ತಪ್ಪು ಕಲಿಸುತ್ತಾರೆ' ಎಂದು ಅರ್ಜಿ ಬರೆದು, ಕ್ಲಾಸಿನವರ ಸಹಿ ಹಾಕಿಸಿ, ಪ್ರಿನ್ಸಿಪಾಲರ ಮೇಜಿನ ಮೇಲೆ ಇಡಿಸಿದೆ. ನಿಮ್ಮದು ಕಾಯಂ ನೌಕರಿಯಲ್ಲ. ಮರು ವರ್ಷ ನಿಮ್ಮನ್ನು ಕರೆಯಲಿಲ್ಲ.

ಮೊನ್ನೆ ಮಗಳು ಅಂಗಡಿಯಲ್ಲಿ ಕುಳಿತು ಅದೇ ಪಾಠ ಓದುತ್ತಿದ್ದಳು. "ಮೈನಸ್ ಇದ್ರ ಎಡಕ್ಕ ಅಂತ ಬರಿ" ಎಂದೆ. ಮೈನಸ್ಸೇ ಗೊತ್ತಿಲ್ಲದ ಸರ್ ಒಬ್ಬರಿದ್ದರೆಂದು ಇಪ್ಪತ್ತು ವರ್ಷ ನಗಾಡುತ್ತ ಹೇಳಿದವಳು ನಾನು. ಅವಳು ಕತ್ತರಿಸುವ ಮೇಜಿನ ಮೇಲೆ ನನ್ನ ಅಳತೆ ಟೇಪು ಹಾಸಿ, ಸೊನ್ನೆಯ ಹತ್ತಿರ ಸೀಮೆಸುಣ್ಣದಿಂದ ಗುರುತು ಹಾಕಿದಳು.

"ಅವ್ವಾ, ಉಬ್ಬು ಈಗ ಇಲ್ಲೈತಿ. ಬ್ರಾಕೆಟ್ಟಿನಾಗ ಎಕ್ಸ್ ಮೈನಸ್ ವಿಟಿ, ಅಂದ್ರ ಎಕ್ಸ್‌ನಾಗ ವೇಗ ಇಂಟು ಟೈಮ್ ಕಳದ್ರ, ಈಗ ಸೊನ್ನಿ. ವೇಗ ಎರಡು. ಒಂದು ಸೆಕೆಂಡ್ ಆದಮ್ಯಾಲೂ ಬ್ರಾಕೆಟ್ ಸೊನ್ನಿನೇ ಇರಬೇಕಂದ್ರ ಎಕ್ಸ್ ಎಷ್ಟಿರಬೇಕು?"

"ಎರಡು."

"ಹಂಗಾರ ಉಬ್ಬು ಎತ್ತಾಗ ಹೋತು?"

ಅವಳು ಎರಡರ ಹತ್ತಿರ ಇನ್ನೊಂದು ಗುರುತು ಹಾಕಿದಳು. ಬಲಕ್ಕೆ! ಇಷ್ಟೇನಾ? ಇಷ್ಟಕ್ಕೆ ಒಬ್ಬ ಮನುಷ್ಯನ ಅನ್ನ ಕಸಿದೆನಾ ನಾನು?

ನಿನ್ನೆ ಬೆಳಿಗ್ಗೆ ಎದ್ದವಳೇ ನಿಮ್ಮ ನಂಬರಿಗಾಗಿ ನಮ್ಮ ಕ್ಲಾಸಿನ ರೇಣುಕಾಳಿಗೆ ಫೋನ್ ಮಾಡಿದೆ. "ನಿನಗ ಗೊತ್ತಿಲ್ಲೇನ? ಸರ್ ತೀರಿ ಎರಡು ವರ್ಷ ಆತಲ್ಲ" ಅಂದಳು. ಎರಡು ವರ್ಷ ಸರ್! ಹಳಿಯಾಳವೇನು ದೂರವೇ?

ಕಾಲೇಜಿನಲ್ಲಿ ನಿಮ್ಮ ಕೊನೆಯ ದಿನ ಗೇಟಿನ ಹತ್ತಿರ ನನ್ನೊಬ್ಬಳನ್ನೇ ನಿಲ್ಲಿಸಿ, "ನಿನ್ನ ಅಕ್ಷರ ಭಾಳ ಚಂದ ಅದಾವ ನೋಡವಾ. ಬರಿಯೂದು ಬಿಡಬ್ಯಾಡ" ಅಂದಿದ್ದಿರಿ. ಹೊಗಳಿದರೆಂದು ಹಿಗ್ಗಿ ಮನೆಗೆ ಬಂದೆ. ನಿನ್ನೆ ಮಧ್ಯಾಹ್ನ ಮಷಿನ್ ತುಳಿಯುತ್ತಿರುವಾಗ ಒಮ್ಮೆಲೇ ಹೊಳೆಯಿತು. ನೀವು ನಮ್ಮ ಟೆಸ್ಟ್ ಪೇಪರು, ರೆಕಾರ್ಡ್ ಪುಸ್ತಕ ತಿದ್ದಿ ತಿಂಗಳಾಗಿತ್ತು. ಹಾಗಾದರೆ ಯಾವ ಅಕ್ಷರ ನೋಡಿದ್ದಿರಿ? ಆ ಅರ್ಜಿ ನಿಮ್ಮ ಕೈಗೆ... ಗೊತ್ತಿದ್ದೂ ಒಂದು ಮಾತು ಬೈಯಲಿಲ್ಲವಲ್ಲ ಸರ್! ಬೈದಿದ್ದರೆ ಚೆನ್ನಾಗಿತ್ತು.

ಈ ಭಾನುವಾರ ಮಗಳನ್ನು ಕರೆದುಕೊಂಡು ನಿಮ್ಮ ಮನೆಗೆ ಹೋಗುತ್ತೇನೆ. ನಿಮ್ಮ ಮನೆಯವರ ಕೈಗೆ ಕೊಡಲು ಒಂದು ಕಾಗದ ಬರೆದಿಟ್ಟಿದ್ದೇನೆ. 'ಸರ್ ಕಲಿಸಿದ್ದು ಸರಿ ಇತ್ತು. ತಪ್ಪು ಅರ್ಜಿ ಬರೆದವಳು ನಾನು.' ಅವರು ಒಳಗೆ ಕರೆಯುತ್ತಾರೋ, ಬಾಗಿಲಿಂದಲೇ ಕಳಿಸುತ್ತಾರೋ, ಗೊತ್ತಿಲ್ಲ. ಅಂದು ಅಪ್ಪ ಬೈದಾನೆಂದು ಹೆದರಿ, ಎಲ್ಲರ ಸಹಿ ಹಾಕಿಸಿದವಳು ನನ್ನದೊಂದನ್ನು ಮಾತ್ರ ಹಾಕಿರಲಿಲ್ಲ. ಈ ಕಾಗದದ ಕೆಳಗೆ ಒಂದೇ ಸಹಿ ಇದೆ ಸರ್, ನನ್ನದು.