ಸೋಮವಾರದ ಮೋಟಾರಿನ ನೋಟುಬುಕ್ಕು

ಕಲ್ಯಾಣಿ, ತ್ರಿಪುರಾಂತ ಕೆರೆ ಓಣಿ
ಶ್ರಾವಣ ಬಹುಳ ತದಿಗೆ, ಫಸಲಿ ೧೩೫೦
(ಇಂಗ್ಲಿಷ್ ಲೆಕ್ಕದಲ್ಲಿ ಆಗಸ್ಟ್ ೧೯೪೧)

ಹುಮನಾಬಾದಿನ ಮಾಣಿಕಪ್ಪ ಮಾಸ್ತರರಿಗೆ ಗುರುಬಾಯಿ ಮಾಡುವ ಶರಣಾರ್ಥಿ.

ಇಲ್ಲಿ ಎಲ್ಲರೂ ಇದ್ದೇವೆ. ಮುತ್ಯಾನಿಗೆ ಮೊಣಕಾಲು ನೋವು, ಯಶೋದಾ ಅತ್ತೆಗೆ ಎಲ್ಲರ ಮೇಲೂ ಸಿಟ್ಟು. ಅಂದರೆ ಕ್ಷೇಮ ಎಂದೇ ತಿಳಿಯಬೇಕು.

ಮೂರು ವರ್ಷದಿಂದ ಪ್ರತಿ ಸೋಮವಾರ ನಿಮಗೆ ನೋಟುಬುಕ್ಕು ಕಳಿಸಿದ್ದೇನೆ. ಒಂದು ಪತ್ರವನ್ನೂ ಬರೆದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಬರೆಯಲಿಲ್ಲ. ಬರೆದರೆ ನೀವು ಕೆಂಪು ಪೆನ್ಸಿಲು ತೆಗೆದುಕೊಂಡು ಕೂಡುತ್ತೀರಿ, ಓದುವುದು ಹಿಂದೆ ಬೀಳುತ್ತದೆ.

ಕಳೆದ ಗುರುವಾರ ಬಂದ ನೋಟುಬುಕ್ಕಿನ ಕೊನೆಗೆ ನೀವು ಬರೆದದ್ದನ್ನು ಓದಿದೆ. ಯುಗಾದಿಯಿಂದ ಈಚೆಗೆ ನನ್ನ ತಪ್ಪುಗಳು ಹೆಚ್ಚಾಗಿವೆ, ಹೀಗಾದರೆ ಇಂಗ್ಲಿಷಿನಲ್ಲಿ ಪಾಸಾಗುವುದಿಲ್ಲ, ಈ ವರ್ಷ ಮಿಡ್ಲ್ ಪರೀಕ್ಷೆಯ ಫಾರಂ ಕಳಿಸುವುದು ಬೇಡ, ಬರುವ ವರ್ಷ ನೋಡೋಣ ಎಂದಿದ್ದೀರಿ. ದಯವಿಟ್ಟು ಫಾರಂ ಕಳಿಸಿ. ಮುತ್ಯಾ ಅದಕ್ಕೆ ಅಪ್ಪನ ತಂದೆಯೆಂದು ಮೋಡಿ ಲಿಪಿಯಲ್ಲಿ ಸಹಿ ಮಾಡಿ ತಿಂಗಳಾಯಿತು. ಅದು ನಿಮ್ಮ ಮೇಜಿನ ಮೇಲೆಯೇ ಇದೆ ಎಂದು ಮೋಟಾರು ಓಡಿಸುವ ಕಾಸಿಂ ಸಾಬ ಹೇಳಿದ. ಹೆಡ್ ಮಾಸ್ತರರ ಕೈಗೆ ಕೊಡುವುದಕ್ಕೆ ಇನ್ನು ಎಂಟು ದಿನ ಉಳಿದಿವೆ.

ಬರುವ ವರ್ಷ ಎಂಬುದು ನನಗೆ ಇಲ್ಲ. ಇಲ್ಲಿಯ ಹುಡುಗಿಯರ ಶಾಲೆಯ ಜೈನಬಿ ಉಸ್ತಾನಿ ಬೇಸಿಗೆಗೆ ಕೆಲಸ ಬಿಟ್ಟು ಹೈದರಾಬಾದಿಗೆ ಮಗನ ಹತ್ತಿರ ಹೋಗುತ್ತಾರೆ. ನನಗೆ ನಾಲ್ಕನೇ ಇಯತ್ತೆಯ ತನಕ ಉರ್ದು ಕಲಿಸಿದವರು ಅವರೇ. ಅದರ ಮುಂದಿನ ಶಾಲೆ ಗಂಡುಹುಡುಗರದು. ಅಂದಿನಿಂದ ನಾನು ಮನೆಯಲ್ಲೇ ಇದ್ದೇನೆ. ಉಸ್ತಾನಿ ಆಷಾಢದಲ್ಲಿ ಮನೆಗೆ ಬಂದು ಮುತ್ಯಾನಿಗೆ, "ಸಂಗಪ್ಪಣ್ಣ, ಪೋರಿ ಮಿಡ್ಲ್ ಪಾಸಾದ್ರ ನನ್ನ ಖುರ್ಚಿ ಆಕಿದೇ ಅದ. ನಾ ಮಾತಾಡೀನಿ" ಅಂದರು. ಮುತ್ಯಾ ಅವತ್ತೇ ಮೋರಖಂಡಿಯವರಿಗೆ ಹೇಳಿ ಕಳಿಸಿದ, ಪರೀಕ್ಷೆಯ ಫಲ ತಿಳಿಯುವ ತನಕ ತಡೆಯಿರಿ ಎಂದು. ಮೋರಖಂಡಿಯವರು ಯಾರೆಂದರೆ ನನ್ನನ್ನು ಕೇಳಿದವರು. ಹುಡುಗನಿಗೆ ಎರಡು ಜೊತೆ ಎತ್ತು ಇವೆಯಂತೆ. ಎತ್ತಿನ ವಿಷಯ ಬಿಟ್ಟರೆ ಅವನ ಬಗ್ಗೆ ಯಾರೂ ಏನೂ ಹೇಳಿಲ್ಲ. ಫಾರಂ ಹೋಗದಿದ್ದರೆ ತಡೆಯುವುದಕ್ಕೆ ಕಾರಣವೂ ಇಲ್ಲ, ಖುರ್ಚಿಗೆ ಬೇರೆ ಊರಿನವರು ಬರುತ್ತಾರೆ.

ಇಷ್ಟು ಬರೆದರೆ ಸಾಕಾಗಿತ್ತು. ಆದರೆ ನೀವು ಮಾಸ್ತರರು, ಕಾರಣ ಕೇಳುತ್ತೀರಿ. ಆದ್ದರಿಂದ ನಿಮಗೆ ಗೊತ್ತಿರುವುದನ್ನೇ ನನ್ನ ಕಡೆಯಿಂದ ಒಮ್ಮೆ ಬರೆಯುತ್ತೇನೆ.

ಅಪ್ಪ ಸತ್ತ ಎರಡು ವರ್ಷಕ್ಕೆ ಅವ್ವ ನಿಮಗೆ ಉಡಕಿಯಾದಳು. ಆಗ ನನಗೆ ಹನ್ನೊಂದು. ಉಡಕಿಗೆ ಬಾಜಾ ಇಲ್ಲ, ಬಾಸಿಂಗ ಇಲ್ಲ, ನೆಂಟರೂ ಇಲ್ಲ. ಮರುಮದುವೆಗೆ ನಮ್ಮವರು ಬೇಡ ಅನ್ನುವುದಿಲ್ಲ, ಆದರೆ ಹೋದವಳು ಹಿಂದಿನ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ, ಮಕ್ಕಳು ತಂದೆಯ ಮನೆಯ ಪಾಲು. ನಾನು ಪಾಲಿಗೆ ಬಂದೆ. ಹೋಗುವ ಮುಂಚೆ ಅವ್ವ ನನ್ನ ತಲೆ ಬಾಚಿ, ಎಣ್ಣೆ ಹೆಚ್ಚಾಯಿತೆಂದು ತನ್ನ ಸೆರಗಿನಿಂದ ಒರೆಸಿದಳು.

ಎರಡು ತಿಂಗಳಿಗೆ ಕಾಸಿಂ ಸಾಬನ ಮೋಟಾರಿನಲ್ಲಿ ಮೊದಲ ರೀಡರು, ಒಂದು ನೋಟುಬುಕ್ಕು, ಎರಡು ಪೆನ್ಸಿಲು ಬಂದವು. ಶಾಲೆ ಬಿಟ್ಟರೂ ಇಂಗ್ಲಿಷು ಬಿಡಬಾರದು, ಇಲ್ಲಿ ಒಬ್ಬ ಮಾಸ್ತರರು ತಿದ್ದಿ ಕೊಡುತ್ತಾರೆ ಎಂದು ಅವ್ವ ಹೇಳಿ ಕಳಿಸಿದ್ದಳು. ಒಬ್ಬ ಮಾಸ್ತರರು ಯಾರೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಆಗ ನಿಮ್ಮ ಮೇಲೆ ಸಿಟ್ಟಿತ್ತು. ಆ ಸಿಟ್ಟಿನಲ್ಲೇ ಹದಿನಾರು ಪಾಠ ಕಲಿತೆ.

ಮನೆಯಲ್ಲಿ ಇಂಗ್ಲಿಷು ಕಲಿಯುವುದು ಹೇಗಿರುತ್ತದೆಂದು ನಿಮಗೆ ಅಂದಾಜಿರಲಿಕ್ಕಿಲ್ಲ. ಈ ಭಾಷೆಯನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ. ಶಬ್ದದ ಪಕ್ಕದಲ್ಲಿ ನೀವು ಕನ್ನಡದಲ್ಲಿ ಬರೆದ ಉಚ್ಚಾರವನ್ನು ಹಿಡಿದುಕೊಂಡು ಎಮ್ಮೆಯ ಮುಂದೆ ಓದುತ್ತೇನೆ. ಹಾಲು ಹಿಂಡುವಾಗ ಅತ್ತೆ, "ಏನ್ ಗುಣುಗುಣು ಅನ್ನಾಕತ್ತೀ? ಎಮ್ಮಿ ತೊರೆ ಬಿಡವಲ್ದು, ಸುಮ್ಕಿರು" ಅನ್ನುತ್ತಾಳೆ. ಒಮ್ಮೆ ಕೋಟೆ ನೋಡಲು ಬಂದ ಸಾಹೇಬರೊಬ್ಬರು ನಮ್ಮ ಓಣಿಯಲ್ಲಿ ಕಾರು ನಿಲ್ಲಿಸಿ ತಮ್ಮ ಹೆಂಡತಿಗೆ ಏನೋ ಹೇಳಿದರು. ಬಾಗಿಲ ಸಂದಿನಲ್ಲಿ ನಿಂತು ಕೇಳಿದೆ. ಎರಡೂವರೆ ವರ್ಷದ ಓದಿನಲ್ಲಿ ಒಂದು ಶಬ್ದವೂ ಉಪಯೋಗಕ್ಕೆ ಬರಲಿಲ್ಲ.

ನೋಟುಬುಕ್ಕಿನ ಕೊನೆಗೆ ಅವ್ವ ಒಂದು ಸಾಲು ಬರೆಯುತ್ತಿದ್ದಳು. ಅವಳಿಗೆ ಕನ್ನಡ ಅಕ್ಷರ ಕಲಿಸಿದವಳು ನಾನು, ಪಾಟಿಯ ಮೇಲೆ. ಅವಳ ಸಾಲು ಎಡದಲ್ಲಿ ಮೇಲೆ ಶುರುವಾಗಿ ಬಲಕ್ಕೆ ಹೋಗುತ್ತಾ ಕೆಳಗೆ ಇಳಿಯುತ್ತಿತ್ತು, ಎಷ್ಟು ಹೇಳಿದರೂ ನೆಟ್ಟಗಾಗಲಿಲ್ಲ. ಅತ್ತೆಗೆ ಎದುರು ಮಾತಾಡಬೇಡ. ಹೇನು ಆಗಿದ್ದರೆ ಸೀತಾಫಲದ ಬೀಜ ಅರೆದು ಹಚ್ಚು, ಕಣ್ಣಿಗೆ ತಾಗಿಸಬೇಡ. ಹಸಿ ಸೇಂಗಾ ತಿನ್ನಬೇಡ. ಅವಳ ಸಾಲುಗಳೆಲ್ಲ ಇಂಥವೇ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಹೊಲಕ್ಕೆ ಹೋಗಲು ಬಂಡಿ ಕಟ್ಟಿತ್ತು. ಬುಟ್ಟಿಗಳನ್ನು ಇಟ್ಟಾಗಿತ್ತು. ಸೋಮವಾರದ ಪಾಠ ಮುಗಿಸಿಬಿಡೋಣವೆಂದು ನಾನು ಒಳಗೆ ಜೋಳದ ಕಣಜದ ಹಿಂದೆ ಕುಳಿತಿದ್ದೆ. ಕಾಸಿಂ ಸಾಬನ ಧ್ವನಿ ಕೇಳಿತು. ಅವನು ಕಟ್ಟೆಯ ಹತ್ತಿರ ನಿಂತು ಮುತ್ಯಾನಿಗೆ, "ಜಿಜಾಬಾಯಿ ನಿನ್ನೆ ಹೋದಳ್ರಿ. ಹದಿನೈದು ದಿನದಿಂದ ವಿಷಮಜ್ವರ ಇತ್ತು. ಮಾಸ್ತರು ಹೇಳಿ ಬಾ ಅಂದ್ರು" ಅಂದ. ಮುತ್ಯಾ ಹೇಳಿದ, "ಉಡಕಿ ಹೋದಾಕಿ ಈ ಮನಿ ಪಾಲಿಗಿ ಅವತ್ತೇ ತೀರ್ಯಾಳ. ನಮಗ ಸೂತಕಿಲ್ಲ. ಪೋರಿಗಿ ಯಾರೂ ಹೇಳಬ್ಯಾಡ್ರಿ, ಪರೀಕ್ಷಾ ಮುಗೀಲಿ. ಮಾಸ್ತರಿಗೂ ಹಂಗೇ ಹೇಳು." ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡದ್ದು ಬಾಗಿಲಿನಿಂದ ಕಂಡಿತು. ಆಮೇಲೆ ಅವಳೇ ನನ್ನನ್ನು ಬಂಡಿಗೆ ಕರೆದಳು.

ಪಾಠದಲ್ಲಿ ಹತ್ತು ವಾಕ್ಯ ಇದ್ದವು, ಆರು ಆಗಿದ್ದವು. ಉಳಿದ ನಾಲ್ಕನ್ನು ಬರೆದೇ ಎದ್ದೆ. ನೀವು ತಿದ್ದಿ ಕಳಿಸಿದಾಗ ನೋಡಿದೆ, ಹತ್ತೂ ಸರಿ ಇದ್ದವು. ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಎಲ್ಲಾ ತಿಂದೆ. ಅತ್ತೆ ಕೇಳದೆಯೇ ಎರಡು ಸಲ ತುಪ್ಪ ಹಾಕಿದಳು. ಬೇರೆ ದಿನ ತುಪ್ಪದ ಗಡಿಗೆಯನ್ನು ನನ್ನ ಕಣ್ಣಿಗೂ ಬೀಳಿಸುವವಳಲ್ಲ. ನನಗೆ ಅಳು ಬರಲಿಲ್ಲ. ಈ ತನಕವೂ ಬಂದಿಲ್ಲ. ಕೈ ಮೇಲೆ ಮಲಗಿ ಎದ್ದಾಗ ಕೈ ತನ್ನದಲ್ಲ ಅನ್ನಿಸುತ್ತದಲ್ಲ, ಎಂಟು ತಿಂಗಳಿಂದ ಒಳಗೆಲ್ಲ ಹಾಗಿದೆ. ನೋವಿಲ್ಲ. ಕೆಲಸ ನಡೆಯುತ್ತದೆ.

ಹೀಗೆ ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಆದರೂ ಮರುವಾರದ ನೋಟುಬುಕ್ಕಿನ ಕೊನೆಗೆ ಅವ್ವನ ಸಾಲು ಬಂತು. ಆರೋಗ್ಯದ ಕಡೆಗೆ ಗಮನವಿರಲಿ. ಅಕ್ಷರವನ್ನು ಬೇಕೆಂದೇ ಒಡ್ಡೊಡ್ಡಾಗಿ ಬರೆದಿದ್ದಿರಿ. ಆದರೆ ಮಾಸ್ತರರ ಕೈ, ಸಾಲು ದಾರ ಹಿಡಿದ ಹಾಗೆ ನೆಟ್ಟಗಿತ್ತು. ಅವ್ವ ತನ್ನ ಜನ್ಮದಲ್ಲಿ ಆರೋಗ್ಯ ಅನ್ನುವ ಶಬ್ದ ಆಡಿದವಳಲ್ಲ. ಅದರ ಮುಂದಿನ ವಾರ ಬಂದದ್ದು, ಮನಸ್ಸಿಟ್ಟು ಅಭ್ಯಾಸ ಮಾಡು. ಮತ್ತೊಂದು ವಾರ, ಸತ್ಯವನ್ನೇ ನುಡಿ. ಅದನ್ನು ಓದಿ ನನಗೆ ಸ್ವಲ್ಪ ನಗು ಬಂತು, ಬರೆದವರು ನೀವು.

ನಾನು ಆಗಲೇ ಹೇಳಬಹುದಿತ್ತು. ಹೇಳಿದರೆ ನೀವು ನೋಟುಬುಕ್ಕು ಕಳಿಸುವುದಕ್ಕೆ ಏನು ಕಾರಣ ಉಳಿಯುತ್ತದೆ ಎಂದು ಅನ್ನಿಸಿತು. ಅವ್ವ ಇರುವ ತನಕ ನಾನು ಅವಳ ಮಗಳು. ಅವಳಿಲ್ಲದ ಮೇಲೆ ನಿಮಗೆ ನಾನು ಏನೂ ಅಲ್ಲ, ನೀವೂ ನಮ್ಮ ಮನೆಗೆ ಏನೂ ಅಲ್ಲ. ಉಡಕಿಯ ಗಂಡನಿಗೂ ಮೊದಲ ಗಂಡನ ಮಗಳಿಗೂ ನಡುವೆ ಏನು ಸಂಬಂಧ ಎಂದು ಮಠದ ಅಯ್ಯನವರನ್ನು ಸುಮ್ಮನೆ ಬೇರೆ ಯಾರದೋ ಮಾತೆಂಬಂತೆ ಕೇಳಿದೆ. ಅವರು, "ಅದಕ್ಕ ಹೆಸರಿಲ್ಲವ್ವಾ" ಅಂದರು. ಹೆಸರಿಲ್ಲದ್ದನ್ನು ಎತ್ತಿ ಆಡಿದರೆ ಅದು ನಿಂತೇಹೋಗುತ್ತದೆ ಎಂದು ಹೆದರಿದೆ. ಹಾಗಾಗಿ ನೀವು ಬರೆದ ಸಾಲಿನ ಕೆಳಗೆ, ಆಗಲಿ ಅವ್ವಾ, ಎಂದು ಪ್ರತಿ ಸೋಮವಾರ ಬರೆದು ಕಳಿಸುತ್ತಾ ಬಂದೆ. ಅದನ್ನು ನೀವು ಹೇಗೆ ಓದುತ್ತಿದ್ದಿರೋ ಗೊತ್ತಿಲ್ಲ. ನೋವಾಗಿದ್ದರೆ ಕ್ಷಮಿಸಿ.

ಇನ್ನು ಆ ಸಾಲು ಬೇಡ. ನಿಮಗೂ ಕಷ್ಟ, ನನಗೂ ಅಷ್ಟೇ. ಅದರ ಬದಲು ಒಂದು ಸಂಗತಿ ತಿಳಿಸಿ. ಅವ್ವನನ್ನು ಎಲ್ಲಿ ಮಣ್ಣು ಮಾಡಿದಿರಿ? ಮಾಣಿಕನಗರದ ದಾರಿಯಲ್ಲೋ, ಬೇರೆ ಕಡೆಯೋ? ಪರೀಕ್ಷೆ ಹುಮನಾಬಾದಿನಲ್ಲೇ ನಡೆಯುತ್ತದೆ. ಮುತ್ಯಾ ನನ್ನ ಜೊತೆ ಬಂದು ಛತ್ರದಲ್ಲಿ ಇಳಿಯುತ್ತಾನೆ, ನಿಮ್ಮ ಮನೆಗೆ ಬರುವುದಿಲ್ಲ. ನನ್ನನ್ನು ಕಳಿಸುತ್ತಾನೋ ಇಲ್ಲವೋ ಕೇಳಿ ನೋಡುತ್ತೇನೆ. ಜಾಗ ಗೊತ್ತಿದ್ದರೆ ಮೋಟಾರಿನ ಕಿಟಕಿಯಿಂದಾದರೂ ಆ ಕಡೆ ನೋಡಬಹುದು.

ಮುತ್ಯಾನ ಮೇಲೆ ನೀವು ಬೇಸರ ಮಾಡಿಕೊಳ್ಳಬೇಡಿ. ಸೂತಕವಿಲ್ಲ ಅಂದವನು ಅವತ್ತು ಹೊಲದಲ್ಲಿ ಊಟ ಮಾಡಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಬಂಡಿಯ ಕೆಳಗೆ ಮಲಗಿದ್ದ. ಕಾಸಿಂ ಸಾಬ ಎರಡು ತಿಂಗಳು ನನ್ನ ಮುಖ ನೋಡದೆ, ಗಾಲಿಯ ಕಡೆ ನೋಡುತ್ತಾ ನೋಟುಬುಕ್ಕು ಕೊಟ್ಟ. ನನಗೆ ತಿಳಿಯಬಾರದೆಂದು ಇವರೆಲ್ಲ ಇಷ್ಟು ಕಷ್ಟಪಡುತ್ತಿರುವಾಗ ತಿಳಿದಿದೆ ಎಂದು ಹೇಳುವುದಕ್ಕೂ ಸಂಕೋಚವಾಗುತ್ತಿತ್ತು. ಈಗಲೂ ಇವರಿಗೆ ಹೇಳಿಲ್ಲ. ನಿಮಗೊಬ್ಬರಿಗೇ ಬರೆದಿದ್ದೇನೆ.

ನೀವು ಒಬ್ಬರೇ ಇದ್ದೀರೆಂದು ನನಗೆ ನಿಮ್ಮ ಉದಾಹರಣೆಗಳಿಂದ ತಿಳಿಯಿತು. ವ್ಯಾಕರಣ ವಿವರಿಸುವಾಗ ನೀವು ಕೊಡುವ ವಾಕ್ಯಗಳು ಮೊದಲು ರಾಜನವು, ಹುಲಿಯವು ಇರುತ್ತಿದ್ದವು. ಈಚೆಗೆ, ಅವನು ಎರಡು ಹೊತ್ತಿನ ಅಡಿಗೆಯನ್ನು ಒಮ್ಮೆಗೇ ಮಾಡುತ್ತಾನೆ. ಅವನು ಮೋಟಾರಿಗಾಗಿ ಒಂದು ತಾಸಿನಿಂದ ಕಾಯುತ್ತಿದ್ದಾನೆ. ಮೋಟಾರು ಅಷ್ಟು ತಡವಾಗಿ ಬರುವುದಿಲ್ಲ ಎಂದು ಕಾಸಿಂ ಸಾಬ ಅಂದ, ನೀವೇ ಮುಂಚಿತವಾಗಿ ಬಂದು ನಿಲ್ಲುತ್ತೀರಂತೆ. ಸಂಜೆಯ ಅನ್ನ ಬೇರೆ ಮಾಡಿಕೊಳ್ಳಿ. ಬೆಳಗಿನದು ಈ ಮಳೆಗಾಲದಲ್ಲಿ ಹಳಸುತ್ತದೆ.

ಫಾರಂ ಕಳಿಸಿ. ನಾನು ಪಾಸಾಗುತ್ತೇನೆ. ಇದನ್ನು ಜಂಬದಿಂದ ಬರೆಯುತ್ತಿಲ್ಲ, ಗೊತ್ತಿದ್ದು ಬರೆಯುತ್ತಿದ್ದೇನೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಗುರುಬಾಯಿ

ತಾ.ಕ.: ಇದರ ಜೊತೆ ಹೊಸ ನೋಟುಬುಕ್ಕು ಇದೆ. ಯುಗಾದಿಯಿಂದ ಈಚೆಗಿನ ಪಾಠಗಳನ್ನೆಲ್ಲ ಮೊದಲಿನಿಂದ ಬರೆದಿದ್ದೇನೆ. ಒಂದು ತಪ್ಪೂ ಇಲ್ಲ, ನೋಡಿಕೊಳ್ಳಿ. ಹಿಂದಿನ ತಪ್ಪುಗಳನ್ನೆಲ್ಲ ನಾನು ತಿಳಿದೇ ಮಾಡಿದ್ದೆ. ಸರಿಯಿದ್ದ ಪುಟಕ್ಕೆ ನೀವು ಒಂದು ಗೆರೆ ಎಳೆದು ಕಳಿಸುತ್ತಿದ್ದಿರಿ. ತಪ್ಪಿದ್ದರೆ ಅರ್ಧ ಪುಟ ಬರೆಯುತ್ತಿದ್ದಿರಿ. ನನ್ನ ಸಂಗಡ ಅಷ್ಟು ಮಾತಾಡುವವರು ಈ ಮನೆಯಲ್ಲಿ ಯಾರೂ ಇಲ್ಲ. ಈ ಸಲದ ನೋಟುಬುಕ್ಕಿನಲ್ಲಿ ತಿದ್ದುವುದಕ್ಕೆ ಏನೂ ಸಿಗುವುದಿಲ್ಲ. ಆದರೂ ಗುರುವಾರ ಏನಾದರೂ ಬರೆದು ಕಳಿಸಿ.